ಮುಂಡರಗಿ ಭೀಮರಾಯ

ಕೊಪ್ಪಳದ ಕೋಟೆಯ ನೆತ್ತಿಯ ಮೇಲೆ ನಿಂತು ಪಶ್ಚಿಮದಿಕ್ಕಿಗೆ ದೃಷ್ಟಿಯನ್ನು ಹರಿಯಿಸಿದರೆ, ಎರೆಯ ಹೊಲಗಳ ಬಯಲು ಅಳವಂಡಿಯನ್ನು ದಾಟಿ ಮುಂಡರಗಿಯ ಕಡೆಗೆ ಸಾಗುತ್ತದೆ. ನಡುವೆ ದಾಟಲಾರದಂಥ ನದಿಯಾಗಲಿ, ಏರಲಾರದಂಥ ಪರ್ವತಶ್ರೇಣಿಯಾಗಲಿ ಇಲ್ಲ. ತುಂಗಭದ್ರೆಯು ಎರಡೂ ಊರುಗಳಿಗೆ ದಕ್ಷಿಣದಲ್ಲಿಯೇ ಹರಿಯುತ್ತಾಳೆ. ಆ ಕಡೆಯ ಒಕ್ಕಲಿಗನೂ ಈ ಕಡೆಯ ಒಕ್ಕಲಿಗನೂ ಬಿತ್ತುವ ಜೋಳ ಒಂದೇ, ಆಡುವ ನುಡಿ ಒಂದೇ, ತೇರನ್ನೆಳೆಯಲು ಹೋಗುವ ಜಾತ್ರೆಗಳೂ ಒಂದೇ. ಹೆಣ್ಣು ಕೊಟ್ಟು ಹೆಣ್ಣು ತರುವ ಬೀಗತನವು ತಲೆಮಾರುಗಳಿಂದ ನಡೆದು ಬಂದುದು. ಹೀಗಿದ್ದರೂ 1818ರಿಂದ 1956ರ ವರೆಗೆ, ಅಂದರೆ ನೂರ ಮೂವತ್ತೆಂಟು ವರ್ಷಗಳ ಕಾಲ, ಈ ಬಯಲಿನ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಗಡಿಯು ಹಾಯ್ದಿತ್ತು. ಆಚೆಗೆ ಮುಂಬಯಿ ಇಲಾಖೆ, ಈಚೆಗೆ ಹೈದರಾಬಾದ ನಿಜಾಮರ ರಾಜ್ಯ. ಈ ಗಡಿಯನ್ನು ಶಸ್ತ್ರಪಾಣಿಯಾಗಿ ದಾಟಿ ಬಂದು ಕೊಪ್ಪಳದ ಕೋಟೆಯಲ್ಲಿ ದೇಹವಿಟ್ಟ ಮುಂಡರಗಿಯ ಭೀಮರಾಯ ನಾಡಗೌಡನ ಚರಿತ್ರೆಯನ್ನು ಇಲ್ಲಿ ನಿರೂಪಿಸಲಾಗುತ್ತದೆ.

ಕೊಪಣವೆಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿಯದೆಂಬುದನ್ನು ನಿರ್ಣಯಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಉಳಿದವು ಕಿಸುವೊಳಲು, ಪುಲಿಗೆರೆ, ಒಂಕುಂದಗಳು. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಜೈನರಿಗೆ ಇದು ಮಹಾತೀರ್ಥವಾಗಿತ್ತು. ಮುಂದೆ ಗವಿಸಿದ್ಧೇಶ್ವರನ ಸನ್ನಿಧಿಯಿಂದ ಶರಣಕ್ಷೇತ್ರವೂ ಆಯಿತು. ಇಂತಹ ತಿರುಳ್ಗನ್ನಡ ನಾಡು ಹತ್ತೊಂಬತ್ತನೆಯ ಶತಮಾನದ ಆರಂಭದೊಳಗೆ ಮೂರು ಸರಕಾರಗಳ ಪಾಲಾಯಿತು. 1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕುಂಪಣಿಗೆ ಬಿಟ್ಟುಕೊಡಲ್ಪಟ್ಟು ಮದರಾಸಿಗೆ ಸೇರಿತು. ಪೇಶವಾಯಿಯ ಅಂತ್ಯದೊಡನೆ ಧಾರವಾಡ ಸೀಮೆಯು ಕುಂಪಣಿಯ ಕೈಗೆ ಬಂದು ಕಡೆಗೆ ಮುಂಬಯಿಗೆ ಸೇರಿತು. ಕೊಪ್ಪಳ, ಯಲಬುರ್ಗಿ, ಕುಷ್ಟಗಿ, ಗಂಗಾವತಿಗಳು ನಿಜಾಮನ ಬಳಿಯಲ್ಲಿಯೇ ಉಳಿದವು. ಯಾವ ಒಕ್ಕಲನ್ನೂ ಕೇಳಿ ಈ ಹಂಚಿಕೆಯಾಗಲಿಲ್ಲವೆಂಬುದನ್ನು ಹೇಳಬೇಕಾದ ಅವಶ್ಯಕತೆಯಿಲ್ಲ.

ಕೊಪ್ಪಳದ ದುರ್ಗದ ವಿಷಯವಾಗಿಯೂ ಎರಡು ಮಾತುಗಳನ್ನು ಹೇಳುವುದು ಉಚಿತ. ಪಾಳೆಯಗಾರನ ಕೈಯಲ್ಲಿದ್ದ ಈ ಕೋಟೆಯನ್ನು ಟೀಪೂ ಸುಲ್ತಾನನು 1786ರಲ್ಲಿ ವಶಪಡಿಸಿಕೊಂಡು, ಫ್ರೆಂಚ್ ಸ್ಥಪತಿಗಳ ಸಹಾಯದಿಂದ ಹೊಸದಾಗಿ ಕಟ್ಟಿಸಿದನು. 1790ರಲ್ಲಿ ಕುಂಪಣಿಯ ಹಾಗೂ ನಿಜಾಮನ ಕೂಡುಸೇನೆಗಳು ಇದನ್ನು ಮುತ್ತಿ, ಸುಮಾರು ಆರು ತಿಂಗಳುಗಳ ಪ್ರಯಾಸದ ಮೇಲೆ 1791ರಲ್ಲಿ ಕೈಮಾಡಿಕೊಂಡವು. ಸರ್ ಜಾನ್ ಮಾಲ್ಕಮನು ತಾನು ಹಿಂದೂಸ್ಥಾನದಲ್ಲಿ ಕಂಡ ದುರ್ಗಗಳಲ್ಲೆಲ್ಲ ಇದನ್ನೇ ಅತ್ಯಂತ ಬಲಿಷ್ಠವಾದುದೆಂದು ಬಗೆದನು. 1819ರಲ್ಲಿ ವೀರಪ್ಪನೆಂಬ ದೇಸಾಯಿಯು ಈ ಕೋಟೆಯನ್ನು ಹಿಡಿದು ಕುಳಿತಾಗ ಬ್ರಿಗೇಡಿಯರ್ ಜನರಲ್ ಪ್ರಿಟ್ಸ್ಲರನು ಬಂದು ಮೇ ತಿಂಗಳಲ್ಲಿ ಅದನ್ನು ಮರಳಿ ಗೆದ್ದನು. ಹೊರಗಿನ ಅಧಿಕಾರಕ್ಕೆ ತಲೆವಾಗದವನು ಕೊನೆಗೆ ಆಶ್ರಯಿಸುವ ಸ್ಥಳವೆಂಬ ಹೆಸರು ಈ ಬೆಟ್ಟಕ್ಕೆ ಆಗಲೇ ಬಂದಿತ್ತು. ಭೀಮರಾಯನು ಇತ್ತ ಬಂದುದು ಆಕಸ್ಮಿಕವಲ್ಲ.

ಭೀಮರಾಯನದು ಮುಂಡರಗಿಯ ಬ್ರಾಹ್ಮಣ ನಾಡಗೌಡರ ಮನೆತನ. ನಾಡಗೌಡಿಕೆಯೆಂದರೆ ಕೇವಲ ಭೂಮಿಯ ಒಡೆತನವಲ್ಲ. ಸೀಮೆಯ ಕಂದಾಯದ ಲೆಕ್ಕ, ಗಡಿಕಲ್ಲುಗಳ ಜ್ಞಾನ, ವ್ಯಾಜ್ಯಗಳ ನಿರ್ಣಯ, ಜಾತ್ರೆ-ಉತ್ಸವಗಳ ಮಾನಮರ್ಯಾದೆ, ಬರಗಾಲದಲ್ಲಿ ರೈತನಿಗೂ ಸರಕಾರಕ್ಕೂ ನಡುವೆ ನಿಂತು ಆಡಬೇಕಾದ ಮಾತು, ಇವೆಲ್ಲವೂ ಅದರೊಳಗೆ ಅಡಕವಾಗಿದ್ದವು. ವಿಜಯನಗರ, ಆದಿಲಶಾಹಿ, ಪೇಶವಾಯಿಗಳು ಬಂದು ಹೋದರೂ ಇಂತಹ ವತನಗಳು ಬಹುಮಟ್ಟಿಗೆ ಉಳಿದುಕೊಂಡಿದ್ದವು. ದೊರೆಗಳು ಬದಲಾಗುತ್ತಿದ್ದರು, ನಾಡಗೌಡನು ಬದಲಾಗುತ್ತಿರಲಿಲ್ಲ. ಆದುದರಿಂದಲೇ ಜನರ ಭಾವನೆಯಲ್ಲಿ ದೂರದ ಸಿಂಹಾಸನಕ್ಕಿಂತ ಹತ್ತಿರದ ವಾಡೆಯೇ ದೊಡ್ಡದಾಗಿತ್ತು. ವತನದಾರರೆಲ್ಲರೂ ಧರ್ಮಾತ್ಮರಾಗಿದ್ದರೆಂದು ಇದರ ಅರ್ಥವಲ್ಲ. ರೈತನನ್ನು ಹಿಂಡಿದವರೂ ಅವರಲ್ಲಿ ಬೇಕಾದಷ್ಟು ಮಂದಿಯಿದ್ದರು.

ಭೀಮರಾಯನು ವಿದ್ಯಾವಂತನು. ಕುಂಪಣಿ ಸರಕಾರದ ಸೇವೆಯನ್ನು ಸೇರಿ ಬಳ್ಳಾರಿ ಸೀಮೆಯಲ್ಲಿ ತಹಸೀಲದಾರನಾಗಿ ಕೆಲಸಮಾಡಿ, ಕಡೆಗೆ ಆ ಉದ್ಯೋಗದಿಂದ ತೆಗೆಯಲ್ಪಟ್ಟು ಸ್ವಸ್ಥಳಕ್ಕೆ ಮರಳಿದನು. ವಾಚಕರು ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಈತನು ಕುಂಪಣಿಯ ಆಡಳಿತವನ್ನು ಹೊರಗಿನಿಂದ ನೋಡಿ ಹೆದರಿದವನಲ್ಲ. ಅದರ ದಫ್ತರಗಳ ನಡುವೆ ಕುಳಿತು, ಅದರ ಹುಕುಮುಗಳನ್ನು ಬರೆದು, ಅದರ ಬಲವನ್ನೂ ದೌರ್ಬಲ್ಯವನ್ನೂ ಅರಿತವನು. ಮುಂಬಯಿ ಇಲಾಖೆಯ ಮುಂಡರಗಿಯಲ್ಲಿ ಹುಟ್ಟಿ, ಮದರಾಸು ಇಲಾಖೆಯ ಬಳ್ಳಾರಿಯಲ್ಲಿ ಸೇವೆಮಾಡಿ, ನಿಜಾಮನ ಸೀಮೆಯನ್ನು ನೆರೆಯಲ್ಲಿಯೇ ಕಂಡವನಾದ್ದರಿಂದ, ಹರಿದು ಹೋದ ಕನ್ನಡನಾಡಿನ ಮೂರು ತುಣುಕುಗಳ ಪರಿಚಯವೂ ಅವನಿಗಿತ್ತು. ಆ ಕಾಲದ ದಂಗೆಗಾರರಲ್ಲಿ ಇಂತಹ ಅನುಭವವುಳ್ಳವರು ವಿರಳ.

ಆ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಅಸಮಾಧಾನವು ಹೊಗೆಯಾಡುತ್ತಿತ್ತು. 1824ರಲ್ಲಿ ಕಿತ್ತೂರಿಗೆ ಆದ ಗತಿಯನ್ನು ಜನರು ಮರೆತಿರಲಿಲ್ಲ. 1852ರ ಕಾಯಿದೆಯಂತೆ ಇನಾಮು ಕಮಿಶನ್ ಎಂಬ ವಿಚಾರಣಾಮಂಡಲಿಯು ಮುಂಬಯಿ ಇಲಾಖೆಯ ಇನಾಮುಭೂಮಿಗಳ ಸನದುಗಳನ್ನು ಶೋಧಿಸಲಾರಂಭಿಸಿತು. ಅಜ್ಜನ ಕಾಲದಿಂದ ಉಂಡುಬಂದ ಭೂಮಿಗೆ ಕಾಗದವನ್ನು ತೋರಿಸೆಂದರೆ ಎಷ್ಟು ಮನೆತನಗಳು ತೋರಿಸಬಲ್ಲವು? ಗೆದ್ದಲು ತಿಂದವು, ಯುದ್ಧದಲ್ಲಿ ಸುಟ್ಟವು, ಬಾಯಿಮಾತಿನಿಂದಲೇ ದತ್ತವಾದವು. ಇವಾವವೂ ಕಮಿಶನ್ನಿಗೆ ಪ್ರಮಾಣವಾಗಲಿಲ್ಲ. ದೇವಸ್ಥಾನ, ಮಠ, ಮಸೀದಿಗಳ ಉಂಬಳಿಗಳು ಕೂಡ ಈ ಶೋಧನೆಗೆ ಹೊರತಾಗಿರಲಿಲ್ಲ. ನರಗುಂದದ ಅರಸನಾದ ಭಾಸ್ಕರರಾಯ ಭಾವೆಯು, ಅಂದರೆ ಜನರು ಬಾಬಾಸಾಹೇಬನೆಂದು ಕರೆಯುತ್ತಿದ್ದವನು, ದತ್ತಕಕ್ಕೆ ಅಪ್ಪಣೆಯನ್ನು ಬೇಡಿ ನಿರಾಕರಣವನ್ನು ಪಡೆದಿದ್ದನು. ಈತನು ವಿದ್ಯಾಪಕ್ಷಪಾತಿ, ಈತನ ಸಂಸ್ಕೃತ ಗ್ರಂಥಭಾಂಡಾರವು ಸಾವಿರಾರು ಪುಸ್ತಕಗಳನ್ನು ಒಳಗೊಂಡಿದ್ದಿತು. ಶಾಸ್ತ್ರವನ್ನು ಬಲ್ಲ ಅರಸನಿಗೆ ಪುತ್ರಸ್ವೀಕಾರದ ಅಧಿಕಾರವನ್ನು ಕಲೆಕ್ಟರನ ಕಾಗದದಲ್ಲಿ ಹುಡುಕಬೇಕಾಗಿ ಬಂದದ್ದು ಎಂತಹ ಅವಮಾನವೆಂಬುದನ್ನು ಊಹಿಸಬಹುದು.

ಇದರ ಮೇಲೆ 1857ರಲ್ಲಿ ಬಂದಿತು ನಿಶ್ಶಸ್ತ್ರೀಕರಣದ ಕಾಯಿದೆ. ಉತ್ತರದಲ್ಲಿ ಸಿಪಾಯಿಗಳ ದಂಗೆಯೆದ್ದ ಬಳಿಕ, ಜನರ ಬಳಿಯಲ್ಲಿದ್ದ ಆಯುಧಗಳನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ನವೆಂಬರ ತಿಂಗಳ ಕೊನೆಯಲ್ಲಿ ಆ ಊರನ್ನು ಕುಂಪಣಿಯ ಸೈನ್ಯವು ಮುತ್ತಿ ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. 1858ರ ಫೆಬ್ರುವರಿಯಲ್ಲಿ ಸುರಪುರದ ವೆಂಕಟಪ್ಪನಾಯಕನು ಎದ್ದನು. ಆತನ ಊರೂ ಕೆಲವು ದಿವಸಗಳಲ್ಲಿಯೇ ಬಿದ್ದಿತು. ಹೀಗೆ ಕೃಷ್ಣೆಯಿಂದ ತುಂಗಭದ್ರೆಯ ವರೆಗಿನ ನಾಡಿನಲ್ಲಿ ಒಂದಾದ ಮೇಲೊಂದರಂತೆ ಕಿಡಿಗಳು ಹಾರಿದವು. ಅವು ಏಕಕಾಲದಲ್ಲಿ ಹಾರಿದ್ದರೆ ಪರಿಣಾಮವೇನಾಗುತ್ತಿತ್ತೋ. ಒಂದು ಆರಿದ ಮೇಲೆ ಇನ್ನೊಂದು ಹೊತ್ತಿದ್ದರಿಂದ, ಒಂದೇ ಸರಕಾರದ ಸೈನ್ಯಗಳಿಗೆ ಎಲ್ಲವನ್ನೂ ನಂದಿಸಲು ಸಾಧ್ಯವಾಯಿತು.

ನರಗುಂದದ ಬಾಬಾಸಾಹೇಬನಿಗೂ ಮುಂಡರಗಿಯ ಭೀಮರಾಯನಿಗೂ ಸಂಧಾನವಿದ್ದಿತು. ತುಂಗಭದ್ರೆಯ ತೀರದ ಹಮ್ಮಿಗಿಯ ದೇಸಾಯಿಯಾದ ಕೆಂಚನಗೌಡನು ಭೀಮರಾಯನ ಬಲಗೈ. ಹಮ್ಮಿಗಿಯಲ್ಲಿ ಆಯುಧಗಳ ಸಂಗ್ರಹವಿದೆಯೆಂಬ ಸುಳಿವು ಅಧಿಕಾರಿಗಳಿಗೆ ಹತ್ತಿ, ಅವು ಸರಕಾರದ ಕಾವಲಿಗೆ ಒಳಪಟ್ಟವು. ಕಾರ್ಯಕ್ಕೆ ಇನ್ನೂ ಕಾಲವು ಪಕ್ವವಾಗಿರಲಿಲ್ಲವೆಂದು ತೋರುತ್ತದೆ. ಆದರೆ ಆಯುಧಗಳು ಹೋದ ಮೇಲೆ ಕಾಯುವುದರಲ್ಲಿ ಅರ್ಥವಾದರೂ ಏನಿದ್ದಿತು? 1858ರ ಮೇ ತಿಂಗಳ ಕೊನೆಯ ವಾರದಲ್ಲಿ ಭೀಮರಾಯನೂ ಕೆಂಚನಗೌಡನೂ ತಮ್ಮವರನ್ನು ಕೂಡಿಸಿಕೊಂಡು ಕಾವಲನ್ನು ಮುರಿದು ಆಯುಧಗಳನ್ನು ಹೊರತೆಗೆದರು. ಅಲ್ಲಿಂದ ನೆಟ್ಟಗೆ ಡಂಬಳಕ್ಕೆ ನಡೆದರು. ಚಾಲುಕ್ಯರ ಕಾಲದ ದೊಡ್ಡಬಸಪ್ಪನ ಗುಡಿಯಿಂದಲೂ ವಿಶಾಲವಾದ ಕೆರೆಯಿಂದಲೂ ಪ್ರಸಿದ್ಧವಾದ ಡಂಬಳವು ಆಗ ತಾಲೂಕಿನ ಕೇಂದ್ರವಾಗಿತ್ತು. ಸರಕಾರದ ಖಜಾನೆಯೂ ಅಲ್ಲಿಯೇ ಇದ್ದಿತು. ಆ ಖಜಾನೆಯು ಲೂಟಿಯಾಯಿತು.

ಖಜಾನೆಯ ಲೂಟಿಯನ್ನೇ ಮುಂದಿಟ್ಟು ಭೀಮರಾಯನನ್ನು ದರೋಡೆಗಾರನೆಂದು ಕರೆದವರುಂಟು. ಸರಕಾರದ ಬರಹಗಳಲ್ಲಿ ಬಂಡುಗಾರನೆಂಬ ಹೆಸರೇ ಅವನಿಗೆ ಸಿಕ್ಕಿತು. ಸಂಬಳ ಕೊಡಲು ಕೋಶವಿಲ್ಲದೆ ಯಾವ ದಂಡೂ ನಡೆಯದೆಂಬುದು ರಾಜನೀತಿಯನ್ನು ಓದಿದವರಿಗೆಲ್ಲ ತಿಳಿದ ಮಾತು. ಕುಂಪಣಿಯ ಸರಕಾರವು ಸಂಸ್ಥಾನಗಳ ಕೋಶಗಳನ್ನು ಮುಟ್ಟುಗೋಲು ಹಾಕಿದಾಗ ಅದನ್ನು ಲೂಟಿಯೆಂದು ತನ್ನ ದಫ್ತರದಲ್ಲಿ ಬರೆದುಕೊಳ್ಳಲಿಲ್ಲ. ಆದರೆ ಮತ್ತೊಂದನ್ನೂ ನಿಷ್ಪಕ್ಷಪಾತವಾಗಿ ಹೇಳಬೇಕು. ಭೀಮರಾಯನು ಕನ್ನಡನಾಡನ್ನೆಲ್ಲ ಒಂದುಗೂಡಿಸಲು ಹೊರಟನೆಂದು ಇತ್ತೀಚೆಗೆ ಉತ್ಸಾಹದಿಂದ ಬರೆಯುವವರಿದ್ದಾರೆ. ಆ ಭಾವನೆಯು 1858ರಲ್ಲಿ ರೂಪುಗೊಂಡಿರಲಿಲ್ಲ. ಆತನ ಹೋರಾಟವು ಮಾನಕ್ಕಾಗಿ, ವತನಕ್ಕಾಗಿ, ತನ್ನ ಸೀಮೆಯ ಮೇಲೆ ಪರಕೀಯನ ಕಾಗದವು ನಡೆಯಬಾರದೆಂಬ ಹಟಕ್ಕಾಗಿ. ಇಷ್ಟನ್ನು ಇದ್ದಂತೆ ಹೇಳಿದರೆ ಆತನ ಕೀರ್ತಿಗೆ ಕುಂದೇನೂ ಬರುವುದಿಲ್ಲ. ನಾಡಗೌಡನಿಗೋ ದೇಸಾಯಿಗೋ ಕಳೆದುಕೊಳ್ಳಲು ವತನವಾದರೂ ಇದ್ದಿತು. ಅದಾವುದೂ ಇಲ್ಲದ ಜನರು ಅವರ ಹಿಂದೆ ನಡೆದು ಪ್ರಾಣವನ್ನಿತ್ತರು, ಮತ್ತು ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಡಂಬಳದಿಂದ ಭೀಮರಾಯನು ಪೂರ್ವಕ್ಕೆ ತಿರುಗಿ, ಗಡಿಯನ್ನು ದಾಟಿ ಕೊಪ್ಪಳಕ್ಕೆ ಬಂದನು. ಕೋಟೆಯು ಅವನ ವಶವಾಯಿತು. ಈ ನಡೆಯ ಹಿಂದಿನ ಲೆಕ್ಕವನ್ನು ಊಹಿಸುವುದು ಕಠಿಣವಲ್ಲ. ಮುಂಡರಗಿಯಲ್ಲಿ ನಿಂತು ಕಾದಲು ಬಲವಾದ ದುರ್ಗವಿಲ್ಲ. ಕೊಪ್ಪಳದಲ್ಲಿ ಎರಡು ಸುತ್ತಿನ ಕೋಟೆಯೂ ಬೆಟ್ಟವೂ ಇವೆ. ಮುಂಬಯಿ ಸರಕಾರದ ಅಧಿಕಾರವು ಗಡಿಯ ಈಚೆಗೆ ನಡೆಯದು. ಹೈದರಾಬಾದಿನಲ್ಲಿಯೂ ಕುಂಪಣಿಯ ಮೇಲೆ ಕೋಪವಿಲ್ಲದಿರಲಿಲ್ಲ; 1857ರ ಜುಲೈ 17ರಂದು ತುರ್ರೇಬಾಜಖಾನನೂ ಮೌಲವಿ ಅಲಾವುದ್ದೀನನೂ ಜನರನ್ನು ಕೂಡಿಸಿಕೊಂಡು ರೆಸಿಡೆನ್ಸಿಯ ಮೇಲೆಯೇ ಏರಿ ಹೋಗಿದ್ದರು. ಗಡಿಯು ತನ್ನನ್ನು ಕಾಯುವುದೆಂದು ಭೀಮರಾಯನು ನಂಬಿದ್ದರೆ ಆಶ್ಚರ್ಯವಿಲ್ಲ.

ಅಲ್ಲಿಯೇ ಲೆಕ್ಕವು ತಪ್ಪಿತು. ನಿಜಾಮನ ದಿವಾಣನಾದ ಸಾಲಾರಜಂಗನು ಆ ದಂಗೆಯ ಕಾಲದುದ್ದಕ್ಕೂ ಕುಂಪಣಿಯ ಪಕ್ಷವನ್ನು ಬಿಡಲಿಲ್ಲ. ಕೆಲವೇ ತಿಂಗಳುಗಳ ಹಿಂದೆ ಆಶ್ರಯವನ್ನರಸಿ ಹೈದರಾಬಾದಿಗೆ ಓಡಿಹೋಗಿದ್ದ ಸುರಪುರದ ವೆಂಕಟಪ್ಪನಾಯಕನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಲಾಗಿತ್ತು. ಆ ತರುಣ ಅರಸನು ಇದೇ 1858ರ ಮೇ ತಿಂಗಳಲ್ಲಿ, ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಮೃತನಾಗಿದ್ದನು. ಕೊಪ್ಪಳದ ಸೀಮೆಯೋ ಸಾಲಾರಜಂಗರ ವಂಶದ ಜಹಗೀರು ಎಂದೇ ಹೆಸರಾದುದು. ಅಂದಮೇಲೆ ಭೀಮರಾಯನು ಕಾಲಿಟ್ಟದ್ದು ತಟಸ್ಥಭೂಮಿಯಲ್ಲಲ್ಲ. ಗಡಿಗಳು ಕನ್ನಡಿಗರನ್ನು ಕನ್ನಡಿಗರಿಂದ ಅಗಲಿಸಲು ಸಮರ್ಥವಾಗಿದ್ದವು. ಕುಂಪಣಿಯ ಫೌಜನ್ನು ತಡೆಯಲು ಸಮರ್ಥವಾಗಿರಲಿಲ್ಲ.

ಬಳ್ಳಾರಿಯಿಂದ ಮೇಜರ್ ಹ್ಯೂಸನು ಸೈನ್ಯಸಮೇತನಾಗಿ ತ್ವರೆಯಿಂದ ಬಂದನು. ಭೀಮರಾಯನು ಯಾವ ಸೀಮೆಯಲ್ಲಿ ತಹಸೀಲದಾರನಾಗಿ ಇದೇ ಸರಕಾರದ ಅನ್ನವನ್ನುಂಡಿದ್ದನೋ, ಆ ಸೀಮೆಯಿಂದಲೇ ಅವನ ಮೃತ್ಯುವೂ ಬಂದಿತು. 1790ರಲ್ಲಿ ಆರು ತಿಂಗಳು ತಡೆದು ನಿಂತ ಕೋಟೆಯು ಈ ಸಲ ದಿವಸಗಳನ್ನು ಕೂಡ ತಡೆಯಲಿಲ್ಲ. ಕಲ್ಲು ಅದೇ ಆಗಿತ್ತು. ಒಳಗಿದ್ದವರ ಸಂಖ್ಯೆಯೂ ಸನ್ನಾಹವೂ ಅಂದಿನಂತಿರಲಿಲ್ಲ. ಅವಸರದಲ್ಲಿ ಹಿಡಿದ ದುರ್ಗದಲ್ಲಿ ದವಸವನ್ನು ತುಂಬಲು, ಮದ್ದುಗುಂಡುಗಳನ್ನು ಒದಗಿಸಲು, ಬುರುಜುಬುರುಜಿಗೆ ನಂಬಿಗಸ್ತರನ್ನು ನಿಲ್ಲಿಸಲು ವೇಳೆಯೇ ದೊರೆಯಲಿಲ್ಲ. 1858ರ ಜೂನ್ 1ರಂದು ಕುಂಪಣಿಯ ಸೈನ್ಯವು ಕೋಟೆಯನ್ನು ಹೊಕ್ಕಿತು. ಭೀಮರಾಯನೂ ಕೆಂಚನಗೌಡನೂ ಸೆರೆಯಾಗಲಿಲ್ಲ; ಕಾದುತ್ತ ಬಿದ್ದರು. ಬ್ರಾಹ್ಮಣ ನಾಡಗೌಡನ ರಕ್ತವೂ ಹಮ್ಮಿಗಿಯ ದೇಸಾಯಿಯ ರಕ್ತವೂ ಹೆಸರರಿಯದ ಅನೇಕ ಅನುಯಾಯಿಗಳ ರಕ್ತವೂ ಅದೇ ಬೆಟ್ಟದ ಮೇಲೆ ಕೂಡಿ ಹರಿಯಿತು. ಹಮ್ಮಿಗಿಯಲ್ಲಿ ಆಯುಧಗಳನ್ನು ತೆಗೆದಂದಿನಿಂದ ಇಲ್ಲಿಯ ವರೆಗೆ ಸುಮಾರು ಒಂದು ವಾರ ಕಳೆದಿತ್ತು, ಅಷ್ಟೆ.

ಅತ್ತ ನರಗುಂದದ ಸಮಾಚಾರವೂ ಇದೇ ದಿವಸಗಳದು. ಭೀಮರಾಯನು ಎದ್ದ ಸುದ್ದಿಯು ಹರಡಿದೊಡನೆ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನನು ನರಗುಂದವನ್ನು ಅಂಕೆಯಲ್ಲಿಡಲು ಹೊರಟನು. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬನ ಕಡೆಯವರು ಅವನನ್ನು ಕೊಂದು, ತಲೆಯನ್ನು ನರಗುಂದದ ಅಗಸೆಗೆ ತೂಗಹಾಕಿದರು. ಕೊಪ್ಪಳದ ಕೋಟೆ ಬಿದ್ದ ದಿವಸವೇ ಕರ್ನಲ್ ಮಾಲ್ಕಮನ ದಂಡು ನರಗುಂದದ ಮುಂದೆ ನಿಂತಿತು. ಅರಸನು ಪಾರಾಗಿ ಹೋಗಿ, ತೊರಗಲ್ಲಿನ ಅಡವಿಯಲ್ಲಿ ಸಿಕ್ಕಿಬಿದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲ್ಪಟ್ಟನು. ಆತನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಪ್ರಾಣಬಿಟ್ಟರೆಂದು ಆ ಸೀಮೆಯ ಜನರು ಹೇಳುತ್ತ ಬಂದಿದ್ದಾರೆ. ಸಂಸ್ಥಾನವು ಕುಂಪಣಿಯ ಮುಲ್ಕಿಗೆ ಸೇರಿಹೋಯಿತು. ಇನ್ನು ಕೆಲವು ತಿಂಗಳುಗಳಲ್ಲಿ ಕುಂಪಣಿಯ ಆಳಿಕೆಯೂ ಮುಗಿದು ರಾಣಿಯ ಆಳಿಕೆಯು ಬಂದಿತು. ದತ್ತಕದ ಹಕ್ಕನ್ನು ಮನ್ನಿಸುವೆವೆಂದು ಆ ಹೊಸ ಸರಕಾರವು ಸಂಸ್ಥಾನಿಕರಿಗೆ ಅಭಯವನ್ನಿತ್ತಿತು. ಬಾಬಾಸಾಹೇಬನು ಬೇಡಿದ್ದು ಅದನ್ನೇ.

1860ರಲ್ಲಿ ಬ್ರಿಟಿಶ್ ಸರಕಾರವು ನಿಜಾಮನ ಮೈತ್ರಿಗೆ ಪ್ರತಿಫಲವನ್ನು ಕೊಡಮಾಡಿತು. 1853ರ ಒಪ್ಪಂದದಿಂದ ಪಡೆದುಕೊಂಡಿದ್ದ ರಾಯಚೂರು ದೋಆಬವನ್ನು ಮರಳಿಸಿದುದಲ್ಲದೆ, ವೆಂಕಟಪ್ಪನಾಯಕನ ಸುರಪುರವನ್ನೂ ನಿಜಾಮನಿಗೇ ಒಪ್ಪಿಸಿತು. ದಂಗೆಯೆದ್ದ ನಾಡಿನ ಒಂದು ತುಂಡು ಹೀಗೆ ಬಳುವಳಿಯ ವಸ್ತುವಾಯಿತು. ಈ ಭಾಗದ ಕನ್ನಡಿಗರಿಗೆ ಇದರಿಂದಾದ ಹಾನಿಯು ಒಂದೆರಡು ವರ್ಷಗಳದಲ್ಲ. ನಿಜಾಮನ ರಾಜ್ಯದ ಆಡಳಿತಭಾಷೆಯು ಮೊದಲು ಪಾರಸಿ, ಬಳಿಕ ಉರ್ದು. ಗಡಿಯ ಆಚೆಗೆ ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿ ಕನ್ನಡದ ಏಳಿಗೆಗೆ ಶ್ರಮಿಸುತ್ತಿದ್ದಾಗ, ಈಚೆಗೆ ಕವಿರಾಜಮಾರ್ಗದ ಕೊಪಣದ ಬಾಲಕನು ಹೆಚ್ಚಿನ ವಿದ್ಯೆಗಾಗಿ ಉರ್ದುವನ್ನೇ ಆಶ್ರಯಿಸಬೇಕಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ. ಉರ್ದುವು ಮಧುರವಾದ ಭಾಷೆಯೆಂಬುದರಲ್ಲಿ ವಿವಾದವಿಲ್ಲ. ಅದನ್ನು ಕಲಿತು ಅದರಿಂದ ಕನ್ನಡಕ್ಕೆ ಲಾಭವನ್ನು ತಂದ ಪಂಡಿತರೂ ಈ ಸೀಮೆಯಲ್ಲಿ ಆಗಿಹೋಗಿದ್ದಾರೆ. ಮನೆಯ ನುಡಿಗೆ ಕಚೇರಿಯ ಬಾಗಿಲು ಮುಚ್ಚಿದ್ದುದೇ ದುಃಖದ ವಿಷಯ.

ಗಡಿಯು ಭೀಮರಾಯನ ಚರಿತ್ರೆಯನ್ನೂ ಎರಡಾಗಿ ಸೀಳಿತು. ಮುಂಬಯಿ ಸರಕಾರದ ಧಾರವಾಡ ಗ್ಯಾಸೆಟಿಯರಿನಲ್ಲಿ ಆತನ ದಂಗೆಯ ವೃತ್ತಾಂತವು ಸೇರಿದೆ. ಕೊಪ್ಪಳದ ವಿಷಯವಾಗಿ ಬರೆದ ಇಂಪೀರಿಯಲ್ ಗ್ಯಾಸೆಟಿಯರು ಭೀಮರಾಯನೆಂಬ ಬಂಡುಗಾರನು ಕೋಟೆಯನ್ನು ಹಿಡಿದು ಹತನಾದನೆಂಬ ಒಂದು ಸಾಲಿನಲ್ಲಿ ಮುಗಿಸುತ್ತದೆ, ಅದೂ 1857ರ ಲೆಕ್ಕದಲ್ಲಿ. ಹುಟ್ಟಿದ್ದು ಒಂದು ಸರಕಾರದ ಪುಸ್ತಕದಲ್ಲಿ, ಸತ್ತದ್ದು ಇನ್ನೊಂದರ ಪುಸ್ತಕದಲ್ಲಿ. ಜನರ ನಾಲಗೆಯು ಇಂತಹ ವಿಭಾಗವನ್ನು ಮನ್ನಿಸಲಿಲ್ಲ. ಈ ದಂಗೆಗಳ ಕಥೆಗಳನ್ನು ಲಾವಣಿಕಾರರು ಹಳ್ಳಿಹಳ್ಳಿಗಳಲ್ಲಿ ಹಾಡಿದರು. ಹಲಗಲಿಯ ಬೇಡರ ಲಾವಣಿಯನ್ನು ಬರೆದುಕೊಂಡು ಅಚ್ಚುಹಾಕಿಸಿದವನು ಬ್ರಿಟಿಶ್ ಸರಕಾರದ ಅಧಿಕಾರಿಯೂ ಶಾಸನಪಂಡಿತನೂ ಆದ ಫ್ಲೀಟನು. ಗಲ್ಲಿಗೇರಿಸಿದ ಸರಕಾರದ ಉದ್ಯೋಗಿಯೇ ಗಲ್ಲಿಗೇರಿದವರ ಹಾಡನ್ನು ಉಳಿಸಿಕೊಟ್ಟನು. ವಿದ್ಯೆಯ ಮಹಿಮೆಯು ಇಂತಹದು, ಅದರ ವಿಚಿತ್ರವೂ ಇಂತಹದೇ.

1947ರ ಆಗಸ್ಟ್ 15ರಂದು ಮುಂಡರಗಿಯು ಸ್ವತಂತ್ರ ಭಾರತದಲ್ಲಿದ್ದಿತು. ಕೊಪ್ಪಳವು ಭಾರತದೊಡನೆ ಕೂಡಲೊಪ್ಪದ ಹೈದರಾಬಾದ ಸಂಸ್ಥಾನದಲ್ಲಿಯೇ ಉಳಿಯಿತು. ಖಾಸಿಮ್ ರಜವಿಯ ರಜಾಕಾರರ ಹಾವಳಿಯಿಂದ ಹಳ್ಳಿಯ ಜನರು ಮನೆಮಾರುಗಳನ್ನು ತೊರೆದು ಗಡಿಯನ್ನು ದಾಟಿ ಹೋಗತೊಡಗಿದರು. ಆಗ ವಿಮೋಚನೆಯ ಹೋರಾಟಗಾರರ ಶಿಬಿರಗಳು ಗಡಿಯುದ್ದಕ್ಕೂ ಏರ್ಪಟ್ಟವು. ಅವುಗಳಲ್ಲಿ ಪ್ರಮುಖವಾದ ಒಂದು, ಅಳವಂಡಿಯ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ, ಭೀಮರಾಯನ ಮುಂಡರಗಿಯಲ್ಲಿಯೇ ನಡೆಯಿತು. ತೊಂಬತ್ತು ವರ್ಷಗಳ ಹಿಂದೆ ನಾಡಗೌಡನು ತುಳಿದ ಸೀಮೆಯನ್ನೇ ಆ ತರುಣರೂ ತುಳಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಹೈದರಾಬಾದನ್ನು ಹೊಕ್ಕಿತು. 17ರಂದು ನಿಜಾಮನು ಶರಣಾದನು. ಮರುವರ್ಷ ಜಹಗೀರುಗಳು ರದ್ದಾಗಿ, ಕೊಪ್ಪಳದ ಮೇಲಿನ ಸಾಲಾರಜಂಗ ವಂಶದ ಒಡೆತನವು ತೀರಿತು. 1956ರ ನವೆಂಬರ್ 1ರಂದು ಮುಂಡರಗಿಯೂ ಕೊಪ್ಪಳವೂ ಬಳ್ಳಾರಿಯೂ ಕಡೆಗೂ ಒಂದೇ ರಾಜ್ಯದೊಳಗೆ ಬಂದವು. ಬಳ್ಳಾರಿಯು ಮೂರು ವರ್ಷ ಮೊದಲೇ, 1953ರಲ್ಲಿ, ಮೈಸೂರನ್ನು ಸೇರಿತ್ತು.

ಆ ಹಳೆಯ ರೇಖೆಯ ಗುರುತು ಪೂರ್ತಿಯಾಗಿ ಅಳಿಸಿಹೋಗಿಲ್ಲ. 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ನೆಯ ಅನುಚ್ಛೇದದ ಜೆ ವಿಧಿಯು, ಹಿಂದುಳಿದ ಹೈದರಾಬಾದ ಕರ್ನಾಟಕಕ್ಕೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ವಿಶೇಷ ಅವಕಾಶಗಳನ್ನು ಕಲ್ಪಿಸಿತು. 2019ರಲ್ಲಿ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಕೊಪ್ಪಳ ಜಿಲ್ಲೆಯು ಅದರೊಳಗಿದೆ. ಗದಗ ಜಿಲ್ಲೆಯ ಮುಂಡರಗಿಯು ಹೊರಗಿದೆ. ಅಳವಂಡಿಯ ಹೊಲದ ಬದುವಿಗೆ ತಾಗಿದ ಆಚೆಯ ಊರಿನ ವಿದ್ಯಾರ್ಥಿಗೆ ಒಂದು ನಿಯಮ, ಈಚೆಯ ಊರಿನ ವಿದ್ಯಾರ್ಥಿಗೆ ಮತ್ತೊಂದು. ಈ ವ್ಯವಸ್ಥೆಯು ನ್ಯಾಯವಾದುದೇ. ನೂರು ವರ್ಷಗಳ ಕೊರತೆಯನ್ನು ತುಂಬಬೇಕಾಗಿತ್ತು. ಆದರೂ ಭೀಮರಾಯನು ದಂಡಿನೊಡನೆ ದಾಟಿದ ಆ ರೇಖೆಯನ್ನು ಇಂದಿಗೂ ಅರ್ಜಿಯ ಕಾಗದಗಳಲ್ಲಿ ಕಾಣಬಹುದು. ಕೋಟೆಯೋ ಕೊಪ್ಪಳದ ಮೇಲೆ ಹಾಗೆಯೇ ನಿಂತಿದೆ. ಹತ್ತಿ ಹೋದವರಿಗೆ ಮೇಲಿನಿಂದ ಎರಡೂ ಕಡೆಯ ಎರೆಭೂಮಿಯು ಒಂದೇ ಬಣ್ಣದಲ್ಲಿ ತೋರುತ್ತದೆ.